ಹುಷಾರಾಗಿರುವವರಿಗೆ ಮಾತ್ರ ಡಾಕ್ಟರು

ಕೊರೊನಾ ಬಂದ 2020ರಲ್ಲಿ ಬೆಂಗಳೂರಿನ ಎಷ್ಟೋ ಕ್ಲಿನಿಕ್ಕುಗಳ ಬಾಗಿಲಿಗೆ ಒಂದು ಬೋರ್ಡು ಬಂತು. ‘ಜ್ವರ, ಕೆಮ್ಮು, ನೆಗಡಿ, ಗಂಟಲು ನೋವು ಇರುವವರಿಗೆ ಪ್ರವೇಶವಿಲ್ಲ.’ ಚಿನ್ನದಂಗಡಿಯ ಬಾಗಿಲಲ್ಲಿ ಇದ್ದರೆ ಸರಿ. ಮದುವೆ ಛತ್ರದಲ್ಲಿ ಇದ್ದರೂ ಸರಿ. ನಮ್ಮ ಏರಿಯಾದಲ್ಲಿ ಇದು ಕಿವಿ, ಮೂಗು, ಗಂಟಲು ತಜ್ಞರ ಬಾಗಿಲಲ್ಲಿತ್ತು! ಮೂಗಿನವರು ಬರಬಾರದು, ಗಂಟಲಿನವರೂ ಬರಬಾರದು. ಉಳಿದದ್ದು ಕಿವಿ ಮಾತ್ರ.

ಪುಣ್ಯಕ್ಕೆ ನಮ್ಮ ಚಿಕ್ಕಪ್ಪನಿಗೆ ಕೆಟ್ಟಿದ್ದು ಕಿವಿಯೇ.

ಮೊದಲು ಫೋನ್ ಮಾಡಿದೆವು. ಆ ಮಾರ್ಚ್‌ನಲ್ಲಿ ಯಾರಿಗೆ ಫೋನ್ ಮಾಡಿದರೂ ರಿಂಗ್ ಬದಲು ಸರ್ಕಾರ ಕೆಮ್ಮುತ್ತಿತ್ತು, ನೆನಪಿದೆ ಅಲ್ವಾ? ಮೊದಲು ಖೊಕ್ ಖೊಕ್, ಆಮೇಲೆ ಕೈ ತೊಳೆಯುವ ಉಪದೇಶ. ಕ್ಲಿನಿಕ್ಕಿನ ಹತ್ತಿರ ಸುಳಿಯಲು ಬಿಟ್ಟ ಕೆಮ್ಮು ಅದೊಂದೇ. ಕೆಮ್ಮು ಮುಗಿದ ಮೇಲೆ ರಿಸೆಪ್ಷನ್ನಿನ ಹುಡುಗಿ, ‘ಡಾಕ್ಟ್ರು ವಿಡಿಯೋದಲ್ಲೇ ನೋಡ್ತಾರೆ ಸಾರ್’ ಅಂದಳು.

ವಿಡಿಯೋ ಅಂದರೆ ಬರೀ ತಮಾಷೆ ಅಂತ ನಾನು ಹೇಳುತ್ತಿಲ್ಲ. ಲಾಕ್‌ಡೌನ್ ಶುರುವಾದ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್‌ಗೆ ನಿಯಮ ಹೊರಡಿಸಿತು. ಬಿಪಿ, ಶುಗರ್ ಮಾತ್ರೆ ಬರೆಸಿಕೊಳ್ಳಬೇಕಾದವರಿಗೆ ಅದರಿಂದ ನಿಜಕ್ಕೂ ಉಪಕಾರವಾಯಿತು. ಆದರೆ ಕಿವಿಯೊಳಗೆ ಕತ್ತಲೆ. ಚಿಕ್ಕಮ್ಮ ಟಾರ್ಚ್ ಹಿಡಿದರು, ನಾನು ಮೊಬೈಲ್ ಹಿಡಿದೆ. ಮೊಬೈಲು ಕಿವಿಯ ಹತ್ತಿರ ಬಂದ ತಕ್ಷಣ ಚಿಕ್ಕಪ್ಪ ಅಭ್ಯಾಸಬಲದಿಂದ ‘ಹಲೋ, ಯಾರು?’ ಅಂದರು. ಡಾಕ್ಟರು ‘ನಾನು ಡಾಕ್ಟರು’ ಅಂದದ್ದು ಅವರಿಗೆ ಕೇಳಿಸಲಿಲ್ಲ. ಕೇಳಿಸುವ ಹಾಗಿದ್ದರೆ ಡಾಕ್ಟರೇ ಬೇಕಿರಲಿಲ್ಲ. ಕೊನೆಗೆ ಬಂದ ತೀರ್ಪು: ‘ಇದನ್ನ ನೇರವಾಗೇ ನೋಡ್ಬೇಕು.’ ಫೀಸು ಮೊದಲೇ ಕಟ್ಟಿ ಆಗಿತ್ತು.

ನೇರವಾಗಿ ತೋರಿಸೋಣ ಅಂತ ಹೊರಟರೆ ಬ್ಯಾರಿಕೇಡ್. ‘ಆಸ್ಪತ್ರೆಗಾ? ಡಾಕ್ಟ್ರ ಚೀಟಿ ತೋರ್ಸಿ.’ ಚೀಟಿ ಬೇಕು ಅಂದರೆ ಡಾಕ್ಟರನ್ನು ನೋಡಿರಬೇಕು. ನೋಡಿದ್ದರೆ ಆ ಬಿಸಿಲಲ್ಲಿ ಯಾಕೆ ಹೊರಡುತ್ತಿದ್ದೆವು? ವಾಪಸ್ ಬಂದೆವು. ಮೇ 4ಕ್ಕೆ ಮದ್ಯದಂಗಡಿಗಳು ತೆರೆದವು. ಆ ಒಂದೇ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿ ವ್ಯಾಪಾರ. ಅಲ್ಲಿ ಕ್ಯೂ ನಿಂತವರನ್ನು ಯಾರೂ ಚೀಟಿ ಕೇಳಲಿಲ್ಲ. ಜೂನ್ 8ಕ್ಕೆ ಮಾಲು, ಹೋಟೆಲು, ದೇವಸ್ಥಾನ ಎಲ್ಲ ಶುರುವಾಯಿತು. ಚಿಕ್ಕಪ್ಪ ಹೋಟೆಲಿನಲ್ಲಿ ಮಾಸ್ಕ್ ತೆಗೆದು ಮಸಾಲೆ ದೋಸೆ ತಿಂದು ಬಂದರು. ಕಿವಿ ಮಾತ್ರ ಬಂದ್.

ಬೇರೆ ಅಂಗಗಳ ಕಥೆಯೂ ಚೆನ್ನಾಗಿರಲಿಲ್ಲ. ಹಲ್ಲಿನ ಡಾಕ್ಟರುಗಳಿಗೆ ಮೇ 19ಕ್ಕೆ ಬಂದ ಸೂಚನೆ ಪ್ರಕಾರ ರೆಡ್ ಝೋನ್‌ನಲ್ಲಿ, ಅಂದರೆ ಸೋಂಕು ಜಾಸ್ತಿ ಇದ್ದ ಕಡೆ, ತುರ್ತು ಕೆಲಸ ಮಾತ್ರ. ಹಾಗಾಗಿ ಹಲ್ಲು ನೋವು ಬರುವ ಮೊದಲು ತಾನು ತುರ್ತೋ ಅಲ್ಲವೋ ಅಂತ ಯೋಚಿಸಿಕೊಂಡು ಬರಬೇಕಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋದವರು ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗಿ, ಬೋರ್ಡಿನ ದೊಡ್ಡ ಅಕ್ಷರವನ್ನೂ ಊಹೆಯ ಮೇಲೆ ಓದಿದರು. ಚರ್ಮದವರು ಫೋಟೋ ಕಳಿಸಿ ಅಂದರು. ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ತಪ್ಪಿ ಹೋದ ಫೋಟೋಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಅಂತೂ ಜುಲೈನಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿತು. ಬಾಗಿಲಲ್ಲಿ ಸೆಕ್ಯುರಿಟಿ. ನನ್ನ ಕೇಳಿದರೆ ಆ ಎರಡು ವರ್ಷ ಈ ರಾಜ್ಯದ ಅತಿ ದೊಡ್ಡ ತಜ್ಞರು ಅವರೇ. ಕೈಯಲ್ಲಿ ಥರ್ಮಾಮೀಟರ್ ಗನ್. ಹಣೆಗೆ ಹಿಡಿದರು, 101 ತೋರಿಸಿತು. ‘ಬಿಸಿಲಿಗೆ ಹಂಗೇ ಸಾರ್, ಹೊಂಗೆ ಮರದ ಕೆಳಗೆ ಹತ್ತು ನಿಮಿಷ ನಿಂತು ಬನ್ನಿ.’ ನಿಂತು ಬಂದ ಮೇಲೆ ಮಣಿಕಟ್ಟಿಗೆ ಹಿಡಿದರು, 93. ‘ನಾರ್ಮಲ್’ ಅಂತ ರಿಜಿಸ್ಟರಿನಲ್ಲಿ ಬರೆದರು. ಮೈಯೊಳಗಿನ ಉಷ್ಣತೆ ನಿಜವಾಗಿ 93 ಇದ್ದರೆ ಆ ಮನುಷ್ಯನನ್ನು ಕಂಬಳಿ ಸುತ್ತಿ ನೇರ ಐಸಿಯುಗೆ ಒಯ್ಯಬೇಕು. ಆ ರಿಜಿಸ್ಟರನ್ನು ನಂಬಿದರೆ ಅವತ್ತು ಒಳಗೆ ಹೋದ ಅರ್ಧ ಬೆಂಗಳೂರು ಚಳಿಗೆ ಸೆಟೆದುಕೊಂಡಿತ್ತು.

ಆಮೇಲೆ ಫಾರ್ಮು. ‘ಕಳೆದ 14 ದಿನಗಳಲ್ಲಿ ಚೀನಾ, ಇಟಲಿ ಅಥವಾ ಇರಾನ್‌ಗೆ ಹೋಗಿದ್ದೀರಾ?’ ದೇಶಕ್ಕೆ ಬಂದುಹೋಗುವ ಮಾಮೂಲಿ ವಿಮಾನಗಳು ಮಾರ್ಚ್ 23ರಿಂದಲೇ ನಿಂತಿದ್ದವು. ನಮಗೆ ಬ್ಯಾರಿಕೇಡ್ ದಾಟಿ ಪಕ್ಕದ ಬಡಾವಣೆಗೆ ಹೋಗಲು ಆಗಿರಲಿಲ್ಲ, ಇಟಲಿ ಎಲ್ಲಿಂದ ಬಂತು?

ಅಷ್ಟರಲ್ಲಿ ಹೊಸ ನಿಯಮ ಗೊತ್ತಾಯಿತು. ಪೇಷೆಂಟ್ ಜೊತೆ ಯಾರೂ ಬರುವಂತಿಲ್ಲ. ಅವರಿಗೆ ಕಿವಿ ಕೇಳಿಸಲ್ಲಪ್ಪ, ಅದಕ್ಕೇ ಬಂದಿರುವುದು ಅಂದೆ. ‘ರೂಲ್ಸ್ ಸಾರ್.’ ಚಿಕ್ಕಪ್ಪ ಒಬ್ಬರೇ ಹೋದರು. ಏನು ಕೇಳಿದರೂ ನಗುತ್ತಾ ‘ಹೌದು’ ಅನ್ನುವುದು ಅವರ ಪದ್ಧತಿ. ಕಿವಿ ಕೇಳದವರು ಮರ್ಯಾದೆ ಉಳಿಸಿಕೊಳ್ಳುವುದೇ ಹಾಗೆ. ಒಳಗಿನ ಟೇಬಲ್ಲಿನವರು ಕೇಳಿದರಂತೆ: ಜ್ವರ ಇದೆಯಾ? ಹೌದು. ಕೆಮ್ಮು? ಹೌದು. ರುಚಿ ವಾಸನೆ ಹೋಗಿದೆಯಾ? ಹೌದು ಹೌದು. ಇಟಲಿ? ಅದಕ್ಕೂ ಹೌದು.

ಮುಂದಿನದು ನೀವೇ ಊಹಿಸಬಹುದು. ಕಿವಿಗೆ ಬಂದವರ ಮೂಗಿಗೆ ಕಡ್ಡಿ ಹಾಕಿದರು. ರಿಪೋರ್ಟು ಬರಲು ದಿನಗಟ್ಟಲೆ ಕಾಯುವ ಕಾಲ ಅದು. ನೆಗೆಟಿವ್ ಅಂತ ಬರುವ ಹೊತ್ತಿಗೆ ಇಡೀ ಬೀದಿ ಚಿಕ್ಕಪ್ಪನ ಮನೆಯ ಗೇಟು ಮುಟ್ಟುವುದನ್ನು ಬಿಟ್ಟಿತ್ತು. ಹಾಲಿನ ಹುಡುಗ ಪ್ಯಾಕೆಟನ್ನು ಕಾಂಪೌಂಡಿನ ಹೊರಗಿಂದಲೇ ಎಸೆಯುತ್ತಿದ್ದ.

ರಿಪೋರ್ಟ್ ಹಿಡಿದುಕೊಂಡು ಮತ್ತೆ ಹೋದೆವು. ಈ ಸಲ ನನ್ನನ್ನೂ ಬಿಟ್ಟರು, ‘ಹೌದು’ ಅನ್ನದಂತೆ ನೋಡಿಕೊಳ್ಳಲು. ವೇಟಿಂಗ್ ರೂಮಿನಲ್ಲಿ ಒಂದು ಕುರ್ಚಿ ಬಿಟ್ಟು ಒಂದಕ್ಕೆ ಕೆಂಪು ಟೇಪು. ನೆಲದ ಮೇಲೆ ಹೆಜ್ಜೆ ಗುರುತಿನ ಸ್ಟಿಕ್ಕರ್. ಕಿಟಕಿಗಳು ಮಾತ್ರ ಭದ್ರವಾಗಿ ಮುಚ್ಚಿದ್ದವು, ಎಸಿ ಹಾಕಿದ್ದಾರಲ್ಲ! ಗಾಳಿಯಲ್ಲಿ ಹರಡುವ ವೈರಸ್ಸಿಗೆ ನೆಲದ ಮೇಲೆ ಎಲ್ಲಿ ನಿಲ್ಲಬೇಕು ಅಂತ ತೋರಿಸಿದ್ದರು. ಆದರೆ ಸುಮ್ನೆ ಆಸ್ಪತ್ರೆಯೊಂದನ್ನೇ ಬೈದರೆ ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯೇ ಮಾರ್ಚ್ ಕೊನೆಯಲ್ಲಿ ‘ಇದು ಗಾಳಿಯಲ್ಲಿ ಹರಡುವುದಿಲ್ಲ’ ಅಂತ ಘಂಟಾಘೋಷವಾಗಿ ಟ್ವೀಟ್ ಮಾಡಿತ್ತು.

ಡಾಕ್ಟರು ಒಳ್ಳೆಯವರು. ಪಾಪ, ಅವರ ಹೆದರಿಕೆ ನಿಜವಾದದ್ದು. ದಿನವಿಡೀ ಜನರ ಬಾಯಿ ಮೂಗಿನ ಮುಂದೆಯೇ ಕೂರುವ ಕೆಲಸ, ಆಗಿನ್ನೂ ಲಸಿಕೆ ಇರಲಿಲ್ಲ. ಪಿಪಿಇ ಕಿಟ್ಟು, ಎನ್-95 ಮಾಸ್ಕು, ಅದರ ಮೇಲೊಂದು ಮಾಸ್ಕು, ಫೇಸ್ ಶೀಲ್ಡು, ಮುಂದೆ ಪ್ಲಾಸ್ಟಿಕ್ ಗೋಡೆ. ಅಷ್ಟರ ಹಿಂದಿನಿಂದ, ಆರಡಿ ದೂರದ ಸ್ಟೂಲಿನಲ್ಲಿ ಕೂತ ಕಿವುಡರಿಗೆ ಕೇಳಿದರು: ‘ಯಜಮಾನ್ರೇ, ಕಿವಿ ಎಷ್ಟು ದಿನದಿಂದ ಕೇಳಿಸ್ತಾ ಇಲ್ಲ?’ ತುಟಿ ನೋಡಿ ಅರ್ಥ ಮಾಡಿಕೊಳ್ಳೋಣ ಅಂದರೆ ತುಟಿ ಎಲ್ಲಿದೆ? ‘ಹೌದು’ ಅಂದರು ಚಿಕ್ಕಪ್ಪ. ಡಾಕ್ಟರು ಕೂಗಿದರು. ಪಕ್ಕದ ರೂಮಿನ ಪೇಷೆಂಟ್ ಒಬ್ಬರು ‘ಎರಡು ವಾರದಿಂದ ಸಾರ್’ ಅಂತ ತಮ್ಮ ಲೆಕ್ಕ ಒಪ್ಪಿಸಿದರು.

ಕೊನೆಗೆ ಡಾಕ್ಟರು ಎದ್ದು ಬಂದು ಕಿವಿಯೊಳಗೆ ನೋಡಿದರು. ಒಂದು ನಿಮಿಷದ ಕೆಲಸ. ಗುಗ್ಗೆ! ಗಟ್ಟಿಯಾಗಿ ಕೂತುಬಿಟ್ಟಿದೆ, ಒಂದು ವಾರ ಡ್ರಾಪ್ಸ್ ಹಾಕಿ, ಮೆತ್ತಗಾದ ಮೇಲೆ ಬನ್ನಿ, ತೆಗೆದುಬಿಡ್ತೀನಿ ಅಂತ ಪ್ಯಾಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ಡಾಕ್ಟರೊಬ್ಬರ ಅಕ್ಷರ ಓದಲು ಬಂದದ್ದು ಚಿಕ್ಕಪ್ಪನಿಗೆ ಜೀವನದಲ್ಲೇ ಮೊದಲ ಸಲವಂತೆ.

ಬಿಲ್ಲಿನಲ್ಲಿ ಡಾಕ್ಟರ ಫೀಸಿಗಿಂತ ಪಿಪಿಇ ಕಿಟ್ಟಿನದೇ ಜಾಸ್ತಿ. ಕಟ್ಟಿ, ಮುಂದಿನ ವಾರಕ್ಕೆ ಬರ್ತೀವಿ ಅಂದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು. ‘ರಿಪೋರ್ಟ್ 72 ಗಂಟೆ ಮಾತ್ರ ವ್ಯಾಲಿಡ್ ಸಾರ್. ಹೊಸದು ಮಾಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ವಿಡಿಯೋ ಬುಕ್ ಮಾಡ್ಲಾ?’

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಚಿಕ್ಕಪ್ಪ ನಗುತ್ತಾ ‘ಹೌದು’ ಅಂದುಬಿಟ್ಟರು.