ನಾನ್ಯಾರು ಹೇಳಿ ನೋಡೋಣ?

ಮೊನ್ನೆ ಭಾನುವಾರ ನೆಂಟರೊಬ್ಬರು ಬಂದಿದ್ದರು. ಚಪ್ಪಲಿ ಬಿಟ್ಟವರೇ ಸೀದಾ ಅಮ್ಮನ ಮುಂದೆ ನಿಂತು, "ನಾನ್ಯಾರು ಹೇಳಿ ನೋಡೋಣ?" ಅಂದರು. ಅಮ್ಮ ನಕ್ಕರು. ಗೊತ್ತಾಗದೇ ಇದ್ದಾಗ ನಗುವ ನಗು ಅದು, ನನಗೀಗ ಚೆನ್ನಾಗಿ ಪರಿಚಯ. ಅವರು ಬಿಡಲಿಲ್ಲ. "ಸರಿಯಾಗಿ ನೋಡಿ, ನಿಮ್ಮ ಕೈ ಹಿಡ್ಕೊಂಡೇ ಶಾಲೆಗೆ ಹೋದವನು!" ಅಮ್ಮನ ಬೆರಳು ಸೆರಗಿನ ಅಂಚನ್ನು ಸುತ್ತತೊಡಗಿತು. ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು. ನಾನು ಕಾಫಿ ನೆಪ ತೆಗೆದು ಮಾತು ತಪ್ಪಿಸಿದೆ.

ದಯವಿಟ್ಟು ಈ ಪರೀಕ್ಷೆ ಬಿಡಿ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಲ್‌ಝೈಮರ್ ಅನ್ನೋ ಡಾಕ್ಟರು 51 ವರ್ಷದ ಹೆಂಗಸೊಬ್ಬಳನ್ನು ಕೂರಿಸಿಕೊಂಡು ಗಂಡನ ಹೆಸರೇನು ಅಂತ ಕೇಳಿದರು. ಆಕೆ ತನ್ನ ಹೆಸರನ್ನೇ ಹೇಳಿದಳು. ಆ ಡಾಕ್ಟರ ಹೆಸರೇ ಆಮೇಲೆ ಈ ಮರೆವಿನ ಕಾಯಿಲೆಗೂ ಬಂತು. ಡಾಕ್ಟರು ಕೇಳಿದ್ದು ಕಾಯಿಲೆ ತಿಳಿಯೋದಕ್ಕೆ. ನಾವು ಕೇಳೋದು ಯಾತಕ್ಕೆ?

ನಾನೇನೂ ಸಾಚಾ ಅಲ್ಲ. ಮೊದಲ ಒಂದು ವರ್ಷ "ವಯಸ್ಸಾಯ್ತು, ಅರಳು ಮರಳು" ಅಂತ ಸುಮ್ನೆ ಕಳೆದೆವು. ಹಾಗೆ ಮಾಡಬೇಡಿ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಅಮ್ಮನ ರಕ್ತದ ರಿಪೋರ್ಟ್ ಬಂದಾಗ ಬಿ12 ಕಡಿಮೆ ಇರಲಿ ದೇವರೇ ಅಂತ ಬೇಡಿಕೊಂಡಿದ್ದೆ. ಎಲ್ಲ ನಾರ್ಮಲ್ ಇತ್ತು.

ಆಮೇಲೂ "ಈಗ್ತಾನೆ ಹೇಳಿದ್ನಲ್ಲಮ್ಮಾ!" ಅಂತ ಎಷ್ಟು ಸಲ ರೇಗಿದ್ದೇನೋ. ಈ ಕಾಯಿಲೆ ಮೆದುಳಿನಲ್ಲಿ ಹೊಸ ನೆನಪು ಕೂಡಿಡುವ ಜಾಗವನ್ನೇ ಮೊದಮೊದಲು ಕೆಡಿಸುತ್ತದೆ. ಬೆಳಿಗ್ಗೆ ತಿಂದ ಉಪ್ಪಿಟ್ಟನ್ನು ಅಮ್ಮ ಮರೆತಿದ್ದಲ್ಲ, ಅದು ಒಳಗೆ ಬರೆದುಕೊಂಡೇ ಇಲ್ಲ. ಬರೆಯದೇ ಇದ್ದದ್ದನ್ನು ಓದು ಅಂದರೆ ಹೇಗೆ ಓದಬೇಕು?

ಹಳೆಯದು ಮಾತ್ರ ಇನ್ನೂ ಇದೆ. ಸಂಜೆ ಆರಾದರೆ ಶುರು: "ಮನೆಗೆ ಹೋಗ್ತೀನಿ, ಕರು ಕಟ್ಟಬೇಕು, ಅಮ್ಮ ಬೈತಾಳೆ." ಇದೇ ನಿನ್ನ ಮನೆ, ನಿನ್ನಮ್ಮ ಹೋಗಿ ಮೂವತ್ತು ವರ್ಷ ಆಯ್ತು ಅಂತ ತಿದ್ದುತ್ತಿದ್ದೆ. ಅಮ್ಮ ಪ್ರತಿ ಸಲವೂ ಆ ಸಾವಿನ ಸುದ್ದಿಯನ್ನು ಅದೇ ಮೊದಲು ಕೇಳಿದವರ ಹಾಗೆ ಅಳುತ್ತಿದ್ದರು. ದಿನಾ ಸಂಜೆ ಒಂದು ಸೂತಕ. ಸತ್ಯ ಹೇಳಿ ನಾನು ಗಳಿಸಿದ್ದು ಅಷ್ಟೇ.

ಈಗ "ಕರು ಯಾವ ಬಣ್ಣ?" ಅಂತ ಕೇಳುತ್ತೇನೆ. "ಕಂದು. ಹಣೆ ಮೇಲೆ ಬಿಳಿ ಚುಕ್ಕೆ." ಗೇಟಿನವರೆಗೆ ನಡೆದು, ಒಂದು ಸುತ್ತು ಹಾಕಿ ಒಳಗೆ ಬರುತ್ತೇವೆ. ಎಲ್ಲ ದಿನ ಇದು ನಡೆಯುವುದಿಲ್ಲ. ಕೆಲವು ರಾತ್ರಿ ಇಬ್ಬರೂ ನಿದ್ದೆ ಮಾಡುವುದಿಲ್ಲ, ಮರುದಿನ ಆಫೀಸಿನಲ್ಲಿ ನಾನು ಯಾರ ಮೇಲೋ ಹರಿಹಾಯುತ್ತೇನೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆ, ಇದೆ ಅಂತ 2023ರಲ್ಲಿ ಬಂದ ಅಂದಾಜು. ಹಾಗಾಗಿ ನೀವೂ ಒಂದಲ್ಲ ಒಂದು ದಿನ ಇಂಥ ಮನೆಗೆ ಹೋಗುತ್ತೀರಿ. ಹೋದಾಗ "ನಾನು ಇಂಥವನು, ನಿಮ್ಮ ಅಣ್ಣನ ಮಗ" ಅಂತ ನೀವೇ ಹೇಳಿಬಿಡಿ. ಹತ್ತಿರ ಕೂತ್ಕೊಳ್ಳಿ. ನಮ್ಮನೆಗೆ ಬಂದರೆ ಕರುವಿನ ವಿಷಯ ತೆಗೆಯಿರಿ, ಕಾಫಿ ಆರಿದರೂ ಅಮ್ಮನ ಮಾತು ಮುಗಿಯುವುದಿಲ್ಲ.