ಸ್ಪಷ್ಟನೆ: ಆಕಾಶಗಂಗೆಯ ನಡುಭಾಗದ ನೀಹಾರಿಕೆಗಳಲ್ಲಿ ‘ಹೊಸ ಧಾತು’ ಪತ್ತೆಯಾಗಿಲ್ಲ

ಆಕಾಶಗಂಗೆಯ ನಡುಭಾಗದಲ್ಲಿರುವ ಗ್ರಹೀಯ ನೀಹಾರಿಕೆಗಳು (ಸಾಯುತ್ತಿರುವ ನಕ್ಷತ್ರಗಳು ಹೊರಚೆಲ್ಲಿದ ಅನಿಲದ ಮೋಡಗಳು) ಆವರ್ತ ಕೋಷ್ಟಕದಲ್ಲೇ ಇಲ್ಲದ ಧಾತುವೊಂದರಿಂದ ಹಸಿರಾಗಿ ಹೊಳೆಯುತ್ತಿವೆ ಎಂಬ ಚಿತ್ರಸಹಿತ ಸಂದೇಶವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಆ ಹಸಿರು ಆಮ್ಲಜನಕದ್ದು. 1864ರಲ್ಲಿ ಬ್ರಿಟಿಷ್ ಖಗೋಳವಿಜ್ಞಾನಿ ವಿಲಿಯಂ ಹಗಿನ್ಸ್ ಇಂಥದೊಂದು ನೀಹಾರಿಕೆಯ ರೋಹಿತದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಲ್ಲಿ) ಗುರುತು ಸಿಗದ ಹಸಿರು ರೇಖೆಗಳನ್ನು ಕಂಡ ಮೇಲೆ, ಅವು ‘ನೆಬ್ಯುಲಿಯಂ’ ಎಂಬ ಅಜ್ಞಾತ ಧಾತುವಿನವು ಎಂಬ ಊಹೆ ಹುಟ್ಟಿದ್ದು ನಿಜ, ಆದರೆ 500.7 ಮತ್ತು 495.9 ನ್ಯಾನೋಮೀಟರ್‌ಗಳ ಆ ರೇಖೆಗಳನ್ನು ಸೂಸುವುದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೇ ಎಂದು ಅಮೆರಿಕದ ಭೌತವಿಜ್ಞಾನಿ ಐರಾ ಬೋವೆನ್ 1927ರಲ್ಲೇ ತೋರಿಸಿಕೊಟ್ಟರು. ನೀಹಾರಿಕೆಯ ಅನಿಲ ತೀರಾ ವಿರಳವಾಗಿರುವುದರಿಂದ, ಡಿಕ್ಕಿಯಿಂದ ಶಕ್ತಿ ಪಡೆದು ಉದ್ರೇಕಗೊಂಡ ಅಯಾನಿಗೆ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿಗೆ) ಮತ್ತೊಂದು ಡಿಕ್ಕಿಯಲ್ಲಿ ಶಕ್ತಿ ಕಳೆದುಕೊಳ್ಳುವ ಮೊದಲೇ ಬೆಳಕು ಸೂಸುವಷ್ಟು ಬಿಡುವು ಸಿಗುತ್ತದೆ; ಪ್ರಯೋಗಾಲಯದ ಸಾಮಾನ್ಯ ಅನಿಲದಲ್ಲಿ ಈ ರೇಖೆಗಳು ಕಾಣದಿರುವುದೂ ಇದೇ ಕಾರಣಕ್ಕೆ.

ಹಾಗೆಂದು ಇವು ಆಮ್ಲಜನಕದ ಮೋಡಗಳೂ ಅಲ್ಲ. ಹತ್ತು ಸಾವಿರ ಜಲಜನಕ ಪರಮಾಣುಗಳಿಗೆ ಹೀಲಿಯಂ ಸುಮಾರು ಒಂದು ಸಾವಿರ, ಆಮ್ಲಜನಕವಾದರೋ ಬೆರಳೆಣಿಕೆಯಷ್ಟು ಮಾತ್ರ.

ನಡುಭಾಗದ ನೀಹಾರಿಕೆಗಳಲ್ಲಿ ವಿಶೇಷವೇ ಇಲ್ಲವೆಂದಲ್ಲ. ಆಮ್ಲಜನಕಕ್ಕಿಂತ ಇಂಗಾಲ ಹೆಚ್ಚಿರುವಂಥವು ಅಲ್ಲಿ ಅಪರೂಪ; ಆದರೂ ನಾಸಾದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಪಡೆದ ಅವಕೆಂಪು ರೋಹಿತಗಳಲ್ಲಿ, ಆಮ್ಲಜನಕ ಹೆಚ್ಚಿರುವೆಡೆ ಹುಟ್ಟುವ ಸಿಲಿಕೇಟ್ ಧೂಳೂ ಸಾಮಾನ್ಯವಾಗಿ ಇಂಗಾಲ ಹೆಚ್ಚಿರುವೆಡೆ ಹುಟ್ಟುವ, ಇಂಗಾಲದ ಉಂಗುರಗಳುಳ್ಳ ಅಣುಗಳೂ ಎಷ್ಟೋ ಕಡೆ ಒಂದೇ ನೀಹಾರಿಕೆಯಲ್ಲಿ ಜೊತೆಯಾಗಿ ಕಂಡಿವೆ. ನನ್ನ ಮಟ್ಟಿಗೆ ಕಲ್ಪಿತ ಧಾತುವಿಗಿಂತ ಈ ಬೆರಕೆಯೇ ಹೆಚ್ಚು ಕುತೂಹಲಕರ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಬೇಕೆಂದು ವಿನಂತಿ.