ಇನ್ನೊಂಚೂರು ಚೆನ್ನಾಗಿ ಬರುತ್ತೆ, ತಡಿ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ನಲವತ್ತು ವರ್ಷ ದಾಟಿದ ಕಂಪ್ಯೂಟರ್ ಕೈಕೊಟ್ಟಿದ್ದರೆ ವಯಸ್ಸಾಯ್ತು ಪಾಪ ಅನ್ನಬಹುದಿತ್ತು. ಕೈಕೊಟ್ಟಿದ್ದು ಅದಲ್ಲ, 78 ದಾಟಿದ ನಮ್ಮಪ್ಪ.

ಸೋದರಮಾವ ಯಾವ ಕಾಲದಲ್ಲೋ ಲಂಡನ್ನಿನಿಂದ ತಂದಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನುವ ಪುಟ್ಟ ಕಂಪ್ಯೂಟರ್ ಅಟ್ಟದಲ್ಲಿ ಸಿಕ್ಕಿತು. 1982ರ ಮಾಡೆಲ್. 48 ಕೆಬಿ ಮೆಮೊರಿ, ಒತ್ತಿದರೆ ಮೆತ್ತಗೆ ಒಳಹೋಗುವ ರಬ್ಬರ್ ಕೀಗಳು. ಇದಕ್ಕೆ ಮಾನಿಟರ್ ಅಂತ ಬೇರೆ ಇಲ್ಲ. ವೈರನ್ನು ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಬೇಕು. ಆಮೇಲೆ ಯುಎಚ್‌ಎಫ್ 36ನೇ ಚಾನೆಲ್ಲಿನಲ್ಲಿ ಅದನ್ನು ಹುಡುಕಬೇಕು. ಹಾಲಿನ ಹೊಸ ಟಿವಿ ಮುಟ್ಟುವ ಹಾಗಿಲ್ಲ, ಅಲ್ಲಿ ಅಮ್ಮನ ಧಾರಾವಾಹಿ. ಹಾಗಾಗಿ ರೂಮಿನ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಕೂತಿದ್ದ ಡಬ್ಬಾ ಟಿವಿಯನ್ನು ಎಬ್ಬಿಸಿದೆ.

ಆ ಟಿವಿಗಳ ಮುಂದೆ ಒಂದು ಪುಟ್ಟ ಮುಚ್ಚಳ ಇರುತ್ತಿತ್ತು, ನೆನಪಿದೆ ಅಲ್ವಾ? ತೆಗೆದರೆ ಒಳಗೆ ಸಾಲಾಗಿ ಹಲ್ಲಿನ ಚಕ್ರಗಳು. ಉಗುರಲ್ಲಿ ಒಂದೊಂದೇ ಹಲ್ಲು ತಿರುಗಿಸುತ್ತಾ ಹೋದೆ. ಬರೀ ಇರುವೆ, ಬರೀ ಜೊರ್ರ್. ಇಪ್ಪತ್ತು ನಿಮಿಷಕ್ಕೆ ಬಿಳಿ ಪರದೆ ಬಂತು. ಕೆಳಗೆ ಕಪ್ಪಕ್ಷರದಲ್ಲಿ ಕಂಪನಿ ಹೆಸರು, 1982 ಅಂತ ಇಸವಿ. ಉಸಿರು ಬಿಗಿಹಿಡಿದು ಕೈ ತೆಗೆದೆ.

"ಇನ್ನೊಂಚೂರು ಚೆನ್ನಾಗಿ ಬರುತ್ತೆ, ತಡಿ," ಅಂದರು ಹಿಂದಿನಿಂದ ಅಪ್ಪ.

"ಬೇಡ ಅಪ್ಪ, ಸಾಕು, ಓದೋಕಾಗ್ತಿದೆ."

"ಅಂಚಿನಲ್ಲಿ ಸ್ವಲ್ಪ ಮಸುಕು ಕಣೋ."

ಒಂದು ಹಲ್ಲು. ಚಿತ್ರ ಓರೆಯಾಯಿತು. ಇನ್ನೊಂದು ಹಲ್ಲು. ಅಕ್ಷರ ಕದಡಿಹೋಯಿತು. ಮೂರನೆಯದಕ್ಕೆ ಇರುವೆ. "ಇಲ್ಲೇ ಎಲ್ಲೋ ಇತ್ತಲ್ಲ," ಅಂತ ಅಪ್ಪ ಕನ್ನಡಕ ಹಣೆಗೇರಿಸಿ, ಮುಚ್ಚಳಕ್ಕೆ ಮೂಗು ತಾಗಿಸಿ, ಅರ್ಧ ಗಂಟೆ ಹುಡುಕಿದರು. ಸಿಕ್ಕಿತು, ನಿಜ. ಮೊದಲಿಗಿಂತ ಚೆನ್ನಾಗಿಯೇ ಬಂತು. ಅದಕ್ಕೇ ಮತ್ತೆ ತಿರುಗಿಸಿದರು.

ಇದು ಇವತ್ತಿನ ಚಾಳಿಯಲ್ಲ. ಚಿಕ್ಕಂದಿನಲ್ಲಿ ನಾವು ಕಿಟಕಿಯಿಂದ "ಬಂತೂ!" ಅಂತ ಕೂಗಿದ ಮೇಲೂ ತಾರಸಿಯ ಮೇಲೆ ಆಂಟೆನಾ ಇನ್ನೊಂದು ಸುತ್ತು ತಿರುಗುತ್ತಿತ್ತು. ಎಷ್ಟೋ ಮ್ಯಾಚುಗಳ ಕೊನೇ ಓವರನ್ನು ನಾವು ನೋಡಿಲ್ಲ, ಪಕ್ಕದ ಮನೆಯ ಪಟಾಕಿಯಿಂದ ತಿಳಿದುಕೊಂಡಿದ್ದೇವೆ. ಈಗ ಅಪ್ಪನ ಮಂಡಿ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಆಂಟೆನಾ ಕಂಬಕ್ಕೆ ಅಮ್ಮ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾಳೆ. ದೂರದರ್ಶನದವರೂ ಆ ಹಳೇ ಟ್ರಾನ್ಸ್‌ಮಿಟರ್‌ಗಳನ್ನು ಹೆಚ್ಚುಕಡಿಮೆ ಎಲ್ಲ ಮುಚ್ಚಿದರು. ಈ ಟಿವಿಗೆ ಏನಾದರೂ ಕಳಿಸುವ ನಿಲಯ ಅಂತ ಲೋಕದಲ್ಲಿ ಉಳಿದಿರುವುದು ನನ್ನ ಮೇಜಿನ ಮೇಲಿನ ಕರಿ ಡಬ್ಬ ಒಂದೇ. ಅಪ್ಪನಿಗೆ ಹುಮ್ಮಸ್ಸು ಬಾರದೆ ಇರುತ್ತದೆಯೇ?

ಇರಲಿ. ಒಂಬತ್ತೂವರೆಗೆ ಗೇಮ್ ಕ್ಯಾಸೆಟ್ ಹಾಕಿದೆ. ಹಾಡಿನ ಕ್ಯಾಸೆಟ್ಟಿನಂಥದ್ದೇ, ಅದರಲ್ಲಿನ ಸದ್ದನ್ನು ಕೇಳಿಸಿಕೊಂಡೇ ಕಂಪ್ಯೂಟರ್ ಗೇಮನ್ನು ಒಳಗೆ ತುಂಬಿಕೊಳ್ಳುತ್ತದೆ. ಜೆ ಕೀ ಒತ್ತಿದರೆ ಲೋಡ್ ಅನ್ನುವ ಪದ ತಾನೇ ಪೂರ್ತಿ ಬರುತ್ತದೆ. ಟೇಪ್ ರೆಕಾರ್ಡರ್ ಓಡಿಸಿದೆ. ಪರದೆಯ ಸುತ್ತ ನೀಲಿ-ಹಳದಿ ಪಟ್ಟೆಗಳು ಕುಣಿದವು, ಕಂಪ್ಯೂಟರಿನ ಹೊಟ್ಟೆಯಿಂದ ಕೀರ್ರ್ ಅನ್ನುವ ಸದ್ದು. ಐದು ನಿಮಿಷದ ಕೆಲಸ. ಟೇಪಿನ ವಾಲ್ಯೂಮ್ ಹದವಾಗಿರಬೇಕು, ಅಷ್ಟೇ. ನಾಲ್ಕು ನಿಮಿಷ ಆಯಿತು. ನಾನು ನೀರು ಕುಡಿಯಲು ಎದ್ದೆ. ಅದೇ ತಪ್ಪಾಯಿತು.

ಬಂದು ನೋಡಿದರೆ ಪಟ್ಟೆಗಳಿಲ್ಲ. "ಟೇಪ್ ಲೋಡಿಂಗ್ ಎರರ್" ಅಂತ ಒಂದೇ ಸಾಲು.

"ಅದೇನೋ ಗಲಾಟೆ ಜಾಸ್ತಿಯಾಗಿತ್ತು. ಸೌಂಡ್ ಕಮ್ಮಿ ಮಾಡಿದೆ," ಅಂದರು ಅಪ್ಪ. ಆಮೇಲೆ ಪರದೆಯ ಹತ್ತಿರ ಬಗ್ಗಿ, "ಆದರೆ ಅಕ್ಷರ ನೋಡು, ಎಷ್ಟು ಸ್ಪಷ್ಟವಾಗಿದೆ!"

ಮಲಗುವ ಮುಂಚೆ ಟಿವಿಯ ಮುಚ್ಚಳಕ್ಕೂ ಟೇಪ್ ರೆಕಾರ್ಡರಿನ ವಾಲ್ಯೂಮ್ ಚಕ್ರಕ್ಕೂ ಸೆಲ್ಲೋಟೇಪ್ ಅಂಟಿಸಿದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಇಣುಕಿದರೆ, ಮುಚ್ಚಳದ ಟೇಪು ಒಂದು ತುದಿಯಲ್ಲಿ ಎದ್ದಿತ್ತು.